ಬೇಸ್ ಗಿಟಾರಿಗೆ ಪ್ರಿಆಂಪ್ ಕೂರಿಸುವ ಕ್ರಮ

ಮೊದಲು ನಿಮ್ಮ ಬೇಸ್ ಗಿಟಾರು ಚೆನ್ನಾಗಿದೆಯೇ ನೋಡಿಕೊಳ್ಳಿ. ಚೆನ್ನಾಗಿದ್ದರೆ ಮಾತ್ರ ಮುಂದುವರಿಯಿರಿ. ಆಗಲೇ ಕೆಟ್ಟಿರುವುದನ್ನು ಕೆಡಿಸುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಇಲ್ಲ. ನಾಲ್ಕು ತಂತಿ, ಎರಡು ಪಿಕಪ್, ಮೂರು ಗುಂಡಿ, ಒಂದು ಜಾಕ್ ಇದ್ದು, ವೈರು ಚುಚ್ಚಿ ತಂತಿ ಮೀಟಿದರೆ ಗುಂಯ್ ಎಂದು ಸದ್ದು ಬರುತ್ತಿದ್ದರೆ ನಿಮ್ಮ ಕೈಲಿರುವುದು ಈ ಕೆಲಸಕ್ಕೆ ಹೇಳಿ ಮಾಡಿಸಿದ ವಾದ್ಯ.

ನಾನು ಹದಿನೆಂಟು ವರ್ಷ ಆರ್ಕೆಸ್ಟ್ರಾಗಳಲ್ಲಿ ಬೇಸ್ ಹಿಡಿದು ನಿಂತವನು. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್ ಎಲ್ಲ ಕಂಡಿದ್ದೇನೆ. ಅಷ್ಟೂ ವರ್ಷ ಗಿಟಾರನ್ನು ಹೊಟ್ಟೆ ಕೆಳಗೆ ಮಾಡಿ ಹಿಡಿದದ್ದಕ್ಕಿಂತ ಹೊಟ್ಟೆ ಮೇಲೆ ಮಾಡಿ ಮೇಜಿನ ಮೇಲೆ ಮಲಗಿಸಿಕೊಂಡದ್ದೇ ಹೆಚ್ಚು. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತನ್ನು ನಂಬಿ.

ಹಳೆಯ ಗಿಟಾರುಗಳ ದೊಡ್ಡ ದೋಷವೆಂದರೆ ಕೆಡುವುದಕ್ಕೆ ಅವುಗಳ ಒಳಗೆ ಏನೂ ಇಲ್ಲದಿರುವುದು. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದ, 1960ರಲ್ಲಿ ಜಾಝ್ ಬೇಸ್ ಹೊರತಂದ. ಎರಡರಲ್ಲೂ ಬ್ಯಾಟರಿಗೆಂದು ಒಂದಂಗುಲ ಜಾಗ ಬಿಡಲಿಲ್ಲ. ಇದರ ದುಷ್ಪರಿಣಾಮ ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್ ಎಂಬಾತನ ಮೇಲೆ ಆಯಿತು. ಆತ 1962ರ ಒಂದು ಪ್ರಿಸಿಷನ್ ಬೇಸ್ ಹಿಡಿದುಕೊಂಡು, ಬಲಗೈಯ ತೋರುಬೆರಳೊಂದರಲ್ಲೇ, ತಂತಿ ತುಂಡಾಗುವ ತನಕ ಬದಲಾಯಿಸದೆ, ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸುತ್ತಲೇ ಹೋದ. ಪಾಪ, ಬಿಚ್ಚುವುದಕ್ಕೆ ಏನೂ ಇಲ್ಲದ ಮನುಷ್ಯ ಬೇರೇನು ತಾನೇ ಮಾಡಿಯಾನು?

ನಿಮಗೆ ಆ ಗತಿ ಬರಬಾರದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಮ್ಮ ಹಿರಿಯರು ಆಡಿಕೊಂಡರು. ಅವರ ಕಾಲದಲ್ಲಿ ನೆಲವನ್ನು ಡೊಂಕು ಮಾಡಿಕೊಡುವ ಸಾಮಾನು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಈಗ ಸಿಗುತ್ತದೆ, ಪುಟ್ಟ ಡಬ್ಬಿಯಲ್ಲಿ, ಏಳೆಂಟು ಬಣ್ಣದ ವೈರುಗಳ ಸಮೇತ. ಅದಕ್ಕೆ ಪ್ರಿಆಂಪ್ ಎಂದು ಹೆಸರು. 1976ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬೇಸ್ ಬಂತಲ್ಲ, ಅದನ್ನು ರೂಪಿಸಿದವರಲ್ಲಿ ಅದೇ ಲಿಯೋ ಫೆಂಡರ್ ಇದ್ದ. ಅಷ್ಟು ಹೊತ್ತಿಗೆ ಅವನಿಗೂ ಬುದ್ಧಿ ಬಂದಿತ್ತು. ಹೊಟ್ಟೆಯೊಳಗೆ ಒಂಬತ್ತು ವೋಲ್ಟಿನ ಬ್ಯಾಟರಿ ಇಟ್ಟ. ಅತ್ತ ನ್ಯೂಯಾರ್ಕಿನಲ್ಲಿ ರೋಜರ್ ಸಾಡೋವ್ಸ್ಕಿ ಎಂಬ ಕುಶಲಕರ್ಮಿ ಬೇಸ್ ವಾದಕ ಮಾರ್ಕಸ್ ಮಿಲ್ಲರ್‌ನ 1977ರ ಜಾಝ್ ಬೇಸನ್ನು ಬಿಚ್ಚಿ ಪ್ರಿಆಂಪ್ ಕೂರಿಸಿಕೊಟ್ಟ. ಅದಾದ ಮೇಲೂ ಮಿಲ್ಲರ್ ಅಭ್ಯಾಸ ಬಿಡಲಿಲ್ಲವಂತೆ. ಅದು ಅವನ ವೈಯಕ್ತಿಕ ವಿಷಯ.

ಪ್ರಿಆಂಪ್ ಏನು ಮಾಡುತ್ತದೆ ಎಂದು ಮನೆಯಲ್ಲಿ ಕೇಳುತ್ತಾರೆ. ದುಡ್ಡು ಕೊಡುವವರು ಕೇಳಿಯೇ ಕೇಳುತ್ತಾರೆ. ಹೀಗೆ ಹೇಳಿ: ಪಿಕಪ್ಪಿನಿಂದ ಬರುವ ಸದ್ದು ಬಡಕಲು. ಉದ್ದನೆಯ ವೈರಿನಲ್ಲಿ ಹೋಗುವಷ್ಟರಲ್ಲಿ ಅದರ ಚುರುಕು ಸೋರಿಹೋಗುತ್ತದೆ. ಪ್ರಿಆಂಪ್ ಅದಕ್ಕೆ ಗಿಟಾರಿನ ಒಳಗೇ ತಾಕತ್ತು ತುಂಬಿ ಕಳಿಸುತ್ತದೆ. ಮಾಮೂಲಿ ಟೋನ್ ಗುಂಡಿ ಇರುವುದನ್ನು ಕಳೆಯಬಲ್ಲದು ಅಷ್ಟೆ. ಪ್ರಿಆಂಪಿನ ಗುಂಡಿ ಕಳೆಯಲೂಬಲ್ಲದು, ಕೂಡಿಸಲೂಬಲ್ಲದು. ಇದೆಲ್ಲ ನಿಜವೇ ಆದ್ದರಿಂದ ಧೈರ್ಯವಾಗಿ ಹೇಳಬಹುದು.

ಈಗ ಸಾಮಾನು ತನ್ನಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ ಹೋಗಿ. ಅಂಗಡಿಯವನು ‘ಏನ್ ಬೇಕು ಬಾಸ್?’ ಎನ್ನುತ್ತಾನೆ. ನಿಮ್ಮ ಕಸುಬು ಅವನಿಗೆ ತಿಳಿದುಬಿಟ್ಟಿದೆ ಎಂದು ಹಿಗ್ಗಬೇಡಿ, ಅವನು ಎಲ್ಲರಿಗೂ ಹಾಗೇ ಅನ್ನುತ್ತಾನೆ. ಸಾಲ್ಡರಿಂಗ್ ಐರನ್ನಿನಲ್ಲಿ ದೊಡ್ಡದನ್ನೇ ಆರಿಸಿ. ಈ ಕೆಲಸಕ್ಕೆ 25 ವ್ಯಾಟ್ ಸಾಕು ಎಂದು ಅವನು ಹೇಳಿದರೆ, ಪಾತ್ರೆಗೆ ಬೆಸುಗೆ ಹಾಕುವಂಥದ್ದು ಇದೆಯಾ ಎಂದು ಕೇಳಿ. ಹಾಗೇ ಅತ್ಯಂತ ಅಗ್ಗದ ಹಳದಿ ಮಲ್ಟಿಮೀಟರ್ ಒಂದನ್ನು ಕೊಳ್ಳಿ. ಈ ಮೀಟರು ಮುಂದೆ ನಿಮ್ಮ ಬಾಳಸಂಗಾತಿ. ಅದರ ಮಾತನ್ನು ಹೆಂಡತಿಯ ಮಾತಿನಂತೆ, ಎದುರಾಡದೆ ನಂಬಿ.

ಮನೆಗೆ ಬಂದು ಗಿಟಾರನ್ನು ಮಲಗಿಸಿ, ಗುಂಡಿಗಳಿರುವ ತಗಡಿನ ಸ್ಕ್ರೂ ಬಿಚ್ಚಿ ಎತ್ತಿ. ಕೆಳಗೆ ವೈರುಗಳು ಕಾಣುತ್ತವೆ. ಈ ಹಂತದಲ್ಲಿ ಕೆಲವು ಅಂಜುಬುರುಕರು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳುತ್ತಾರೆ. ನೀವು ಹೊಡೆಯಬೇಡಿ. ನಾಲ್ಕೈದು ವೈರು ನೆನಪಿಡಲಾಗದಷ್ಟು ನಮ್ಮ ತಲೆ ಕೆಟ್ಟಿದೆಯೇ? ಎಲ್ಲ ವೈರುಗಳನ್ನೂ ಒಂದೇ ಸಲ ಕತ್ತರಿಸಿ ತೆಗೆಯಿರಿ. ಎಷ್ಟು ಬುಡದಲ್ಲಿ ಕತ್ತರಿಸಿದರೆ ಅಷ್ಟು ಒಳ್ಳೆಯದು, ಏಕೆಂದರೆ ಪಿಕಪ್ಪಿನ ವೈರು ಗಿಡ್ಡವಾದರೆ ಅದಕ್ಕೆ ಇನ್ನೊಂದು ವೈರು ಜೋಡಿಸಬೇಕಾಗುತ್ತದೆ, ಪ್ರತಿ ಜೋಡಣೆಯೂ ಮುಂದೊಂದು ಭಾನುವಾರದ ಕೆಲಸ. ಈಗ ನಿಮ್ಮ ಮುಂದೆ ಎರಡು ಕಪ್ಪು, ಎರಡು ಬಿಳಿ, ಮತ್ತೊಂದು ಎಲ್ಲಿಂದ ಬಂತೋ ಗೊತ್ತಾಗದ ಬರಿಯ ವೈರು ಉಳಿದಿರುತ್ತದೆ.

ಆ ಬರಿಯ ವೈರಿನ ಬಗ್ಗೆ ಸ್ವಲ್ಪ ಹೇಳಬೇಕು. ಅದು ಮರದೊಳಗಿನ ಸಣ್ಣ ತೂತಿನಿಂದ ಬಂದು, ಆ ಕಡೆ ಬ್ರಿಡ್ಜಿನ ಕೆಳಗೆ ಸಿಕ್ಕಿಕೊಂಡಿರುತ್ತದೆ. ಅರ್ತ್ ವೈರು ಅದು. ಅದನ್ನು ಜಾಕಿನ ಅರ್ತ್‌ಗೆ ಸೇರಿಸಿದ್ದರೆ, ನೀವು ತಂತಿ ಮುಟ್ಟಿದ ಕೂಡಲೇ ಹಮ್ಮಿಂಗ್ ಇಳಿಯುತ್ತದೆ. ಸೇರಿಸಬೇಡಿ. ಎಲ್ಲಿಗೂ ಸೇರದ ವೈರು ಎಂದು ಕತ್ತರಿಸಿ ಒಳಗೆ ತುರುಕಿ. ಆಗ ಬರುವ ಹಮ್ಮಿಂಗನ್ನು ನಷ್ಟವೆಂದು ತಿಳಿಯಬೇಡಿ. ನಮ್ಮ ಕರೆಂಟು 50 ಹರ್ಟ್ಸ್. ಬೇಸಿನ ದಪ್ಪ ತಂತಿಯನ್ನು ಮೂರನೆಯ ಮನೆಯಲ್ಲಿ ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಸ್. ಅಂದರೆ ಜಿ ಶ್ರುತಿಯ ಹಾಡಿಗೆ ಸರ್ಕಾರವೇ ತಂಬೂರಿ ಹಿಡಿದು ಕೂತಂತೆ. ಅರೆಸ್ವರದ ಮೂರನೇ ಒಂದು ಪಾಲಿನಷ್ಟು ಶ್ರುತಿ ಏರಿರುತ್ತದೆ. ಅದಕ್ಕೆ ಹಾಡುವವರನ್ನು ಏರಿಸಿ ಹಾಡಲು ಹೇಳಿ.

ಇನ್ನು ಬ್ಯಾಟರಿಗೆ ಮನೆ ಕಟ್ಟಬೇಕು. ಜಾಝ್ ಬೇಸಿನ ಹೊಟ್ಟೆ ಇಕ್ಕಟ್ಟು. ಗುಂಡಿಗಳ ಅಡಿಯ ಪಾಟ್‌ಗಳು, ಒಂದು ಪ್ರಿಆಂಪ್, ಒಂದು ಜಾಕ್, ಇವುಗಳ ನಡುವೆ ಬ್ಯಾಟರಿಯನ್ನು ತುರುಕಿದರೆ ಹೇಗೋ ಕೂರುತ್ತದೆ. ಅದರ ಲೋಹದ ಮೈಗೆ ಸ್ಪಂಜು ಸುತ್ತಬೇಡಿ. ಬರಿಮೈಯಲ್ಲಿ ಬಿಟ್ಟರೆ ಅದು ಸುತ್ತಲಿನ ಪಾಟ್‌ಗಳ ಕಾಲಿಗೆ ತಾಗುತ್ತ, ಬಿಡುತ್ತ, ನೀವು ಮೈ ಕುಣಿಸಿದಂತೆಲ್ಲ ತಾನೂ ಲಯ ಹಾಕುತ್ತದೆ. ತುರುಕಲು ಮನಸ್ಸಿಲ್ಲದವರು ಹಿಂಬದಿಯಲ್ಲಿ ಗುಂಡಿ ಕೊರೆದು ಬ್ಯಾಟರಿ ಡಬ್ಬಿ ಕೂರಿಸಬಹುದು. ಫೆಂಡರ್ ಮಾದರಿಯ ಗಿಟಾರಿನ ದೇಹ ಸುಮಾರು 44 ಮಿಲಿಮೀಟರ್ ದಪ್ಪ. ಆಳ ಅಳೆಯಲು ಪಟ್ಟಿ ಹುಡುಕುತ್ತ ಕೂರಬೇಡಿ. ಬೀದಿಯ ಕೊನೆಯ ಬಡಗಿಯನ್ನು ಕರೆಸಿ, ಬಾಗಿಲಿಗೆ ಬೀಗ ಕೂರಿಸುವ ಉಳಿಯಲ್ಲೇ ಕೆತ್ತಿಸಿ. ಉಳಿಯ ತುದಿ ಮುಂಬದಿಯಲ್ಲಿ ಇಣುಕಿದಾಗ ಆಳ ಸಾಕಾಯಿತು ಎಂದು ತಿಳಿಯಿರಿ. ಆ ತೂತಿನ ಮೇಲೆ ಗಣಪತಿಯ ಸ್ಟಿಕ್ಕರ್ ಅಂಟಿಸಿ. ನಮ್ಮ ಆರ್ಕೆಸ್ಟ್ರಾದಲ್ಲಿ ಮೂರು ಗಿಟಾರುಗಳ ಮೇಲೆ ಗಣಪತಿ ಇದ್ದಾನೆ. ಭಕ್ತಿ ಎಂದೇ ಜನ ತಿಳಿದಿದ್ದಾರೆ.

ಬೆಸುಗೆಗೆ ಬನ್ನಿ. ಪುಸ್ತಕದಲ್ಲಿ, ಕಾಲಿಗೂ ವೈರಿಗೂ ಎರಡು ಸೆಕೆಂಡು ಬಿಸಿ ಮುಟ್ಟಿಸಿ, ಆ ಬಿಸಿಗೆ ಲೆಡ್ ತಾನೇ ಕರಗಿ ಹರಿಯುವಂತೆ ಮಾಡಿ, ಆರುವ ತನಕ ಅಲುಗಾಡಿಸಬೇಡಿ ಎಂದು ಬರೆದಿರುತ್ತದೆ. ಹಾಗೆ ಮಾಡಿದರೆ ಬೆಸುಗೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಮತ್ತೆಂದೂ ಬಿಡುವುದಿಲ್ಲ. ನಿಮಗೆ ಬೇಕಾದದ್ದು ಅದಲ್ಲ. ಲೆಡ್ಡನ್ನು ಐರನ್ನಿನ ತುದಿಯಲ್ಲೇ ಹನಿಯಾಗಿ ಕರಗಿಸಿಕೊಂಡು, ಇಡ್ಲಿ ಹಿಟ್ಟು ಹೊಯ್ದಂತೆ ವೈರಿನ ಮೇಲೆ ಹೊಯ್ಯಿರಿ. ಕಾಫಿಗೆ ಊದಿದಂತೆ ಊದಿ. ಆರುತ್ತಿರುವಾಗ ವೈರನ್ನು ಒಮ್ಮೆ ಅಲ್ಲಾಡಿಸಿ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿ. ಮಂಕಾಗಿ, ಉಪ್ಪಿಟ್ಟಿನ ರವೆಯ ಹಾಗೆ ತರಿತರಿಯಾಗಿ ಕಂಡರೆ ಕೆಲಸ ಸರಿಯಾಗಿದೆ. ಡ್ರೈ ಸಾಲ್ಡರ್ ಎನ್ನುವುದು ಇದಕ್ಕೇ. ಇದರ ವಿಶೇಷವೆಂದರೆ ಮನೆಯಲ್ಲಿ ಸದ್ದು ಕೊಡುತ್ತದೆ, ವೇದಿಕೆಯಲ್ಲಿ ಕೊಡುವುದಿಲ್ಲ. ಮೆಕ್ಯಾನಿಕ್ ಹತ್ತಿರ ಒಯ್ದರೆ ಮತ್ತೆ ಕೊಡುತ್ತದೆ. ಪಾಟ್‌ನ ಬೆನ್ನಿಗೆ ಅರ್ತ್ ಕೂರಿಸುವಾಗ ಮಾತ್ರ ಜಿಪುಣತನ ಬೇಡ, ಒಳಗಿನ ಇಂಗಾಲದ ಪಟ್ಟಿಯ ವಾಸನೆ ಮೂಗಿಗೆ ಬರುವ ತನಕ ಕಾಯಿಸಿ. ಆಮೇಲೆ ಆ ಗುಂಡಿ ತಿರುಗಿಸಿದಾಗಲೆಲ್ಲ ಕರಕರ ಎಂದು ಹಪ್ಪಳ ಮುರಿದಂತೆ ಕೇಳುತ್ತದೆ.

ಜಾಕಿನ ಮರ್ಮ ಬಲ್ಲವರು ಕಡಿಮೆ. ಪ್ರಿಆಂಪ್ ಇರುವ ಗಿಟಾರಿಗೆ ಬೇರೆ ಸ್ವಿಚ್ಚಿಲ್ಲ. ಅದಕ್ಕೆ ಮೂರು ಕಾಲಿನ ಸ್ಟೀರಿಯೋ ಜಾಕ್ ಹಾಕುತ್ತಾರೆ. ತುದಿಯ ಕಾಲಿಗೆ ಸದ್ದಿನ ವೈರು, ನಡುವಿನ ಕಾಲಿಗೆ ಬ್ಯಾಟರಿಯ ಕಪ್ಪು ವೈರು, ಮೂರನೆಯದಕ್ಕೆ ಅರ್ತ್. ಮಾಮೂಲಿ ಮಾನೋ ವೈರನ್ನು ಚುಚ್ಚಿದಾಗ ಅದರ ಮೈ ನಡುವಿನ ಕಾಲನ್ನೂ ಅರ್ತನ್ನೂ ಬೆಸೆದು ಬ್ಯಾಟರಿಗೆ ದಾರಿ ಕೊಡುತ್ತದೆ. ವೈರು ಕಿತ್ತರೆ ಬ್ಯಾಟರಿ ನಿದ್ದೆ ಹೋಗುತ್ತದೆ. ಎಷ್ಟು ಜಾಣತನದ ಏರ್ಪಾಡು ನೋಡಿ! ಇದನ್ನು ಹಾಳುಮಾಡಲು ಮೂರು ದಾರಿಗಳಿವೆ. ತುದಿಯದನ್ನು ನಡುವಿಗೂ ನಡುವಿನದನ್ನು ತುದಿಗೂ ಹಾಕಿದರೆ ಸದ್ದು ನೇರವಾಗಿ ಅರ್ತ್‌ಗೆ ಹೋಗಿ ಪೂರ್ಣ ಮೌನ ಸಿಗುತ್ತದೆ. ಹಳೆಯ ಎರಡು ಕಾಲಿನ ಜಾಕನ್ನೇ ಉಳಿಸಿಕೊಂಡು ಬ್ಯಾಟರಿಯನ್ನು ನೇರವಾಗಿ ಅರ್ತ್‌ಗೆ ಕಟ್ಟಿದರೆ ಅದು ಹಗಲೂ ರಾತ್ರಿ ದುಡಿಯುತ್ತದೆ. ಒಳ್ಳೆಯ ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪ್-ಗಂಟೆಯ ಸರಕಿರುತ್ತದೆ. ನಿಮ್ಮ ಪ್ರಿಆಂಪ್ ಒಂದು ಮಿಲಿಆಂಪ್ ಎಳೆಯುವಂಥದ್ದಾದರೆ ಗಿಟಾರನ್ನು ಮುಟ್ಟದೆಯೇ ಮೂರು ವಾರದಲ್ಲಿ ಖಾಲಿ. ಮೂರನೆಯ ದಾರಿ ಎಲ್ಲಕ್ಕಿಂತ ಸುಲಭ, ಬೆಸುಗೆಯೇ ಬೇಡ. ಜಾಕ್ ಸರಿಯಾಗಿಯೇ ಹಾಕಿ, ರಿಹರ್ಸಲ್ ಮುಗಿದ ಮೇಲೆ ವೈರು ಕೀಳದೆ ಊಟಕ್ಕೆ ಹೋಗಿ. ನಾನು ಹದಿನೆಂಟು ವರ್ಷವೂ ಈ ಮೂರನೆಯದನ್ನೇ ಪಾಲಿಸಿಕೊಂಡು ಬಂದವನು.

ಕೆಲವು ಪ್ರಿಆಂಪ್‌ಗಳ ಜೊತೆ ಬೈಪಾಸ್ ಸ್ವಿಚ್ ಒಂದು ಬರುತ್ತದೆ. ಬ್ಯಾಟರಿ ಸತ್ತರೆ ಅದನ್ನು ಎಳೆದು ಹಳೆಯ ಪ್ಯಾಸಿವ್ ಸದ್ದಿನಲ್ಲೇ ಹಾಡು ಮುಗಿಸಬಹುದು. ಅದನ್ನು ಹಾಕಬೇಡಿ. ನುಡಿಸಲು ಒಂದು ದಾರಿ ಇಟ್ಟುಕೊಂಡರೆ ಇಷ್ಟೆಲ್ಲ ಕಷ್ಟಪಟ್ಟದ್ದಕ್ಕೆ ಅರ್ಥವೇನು?

ಬ್ಯಾಟರಿ ಕೂರಿಸುವ ಮೊದಲು ಅದರ ಎರಡು ಮೊಲೆಗಳನ್ನು ಕ್ಲಿಪ್ಪಿಗೆ ಉಲ್ಟಾ ತಾಗಿಸಿ ನೋಡಿ. ಅಕಸ್ಮಾತ್ ಹೀಗೂ ಕೂರುತ್ತದೇನೋ ಎಂದು ಸುಮ್ಮನೆ ಒಮ್ಮೆ. ರಕ್ಷಣೆಗೆ ಡಯೋಡ್ ಇಲ್ಲದ ಪ್ರಿಆಂಪ್ ಆಗಿದ್ದರೆ ಅಷ್ಟು ಹೊತ್ತಿಗೆ ಒಳಗಿನ ಐಸಿ ಹೋಗಿರುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ಸದ್ಗತಿ. 18 ವೋಲ್ಟ್ ಕೊಟ್ಟರೆ ಜೋರು ಹೊಡೆತಕ್ಕೂ ಸದ್ದು ಒಡೆಯುವುದಿಲ್ಲ ಎಂದು ಬಲ್ಲವರು ಎರಡು ಬ್ಯಾಟರಿ ಸರಣಿಯಲ್ಲಿ ಹಾಕುತ್ತಾರೆ. ಅದಕ್ಕೆಂದು ತಯಾರಾದ ಪ್ರಿಆಂಪ್‌ಗಳಲ್ಲಿ ಅದು ನಿಜ. ನಿಮ್ಮದು ಯಾವುದಕ್ಕೆ ತಯಾರಾದದ್ದು ಎಂದು ಚೀಟಿಯಲ್ಲಿ ಬರೆದಿರುತ್ತದೆ. ಚೀಟಿಯನ್ನು ಓದುವ ಮೊದಲೇ ಅದರ ಮೇಲೆ ಸಾಲ್ಡರಿಂಗ್ ಐರನ್ ಇಟ್ಟಿರುತ್ತೀರಿ, ಬಿಡಿ.

ಗುಂಡಿಗಳನ್ನು ಹೇಗೆ ಇಡಬೇಕೆಂದು ಬಹಳ ಜನ ಕೇಳುತ್ತಾರೆ. ನಡುವಿನಲ್ಲಿ ಸಣ್ಣಗೆ ಟಕ್ ಎಂದು ಹಿಡಿಯುವ ಜಾಗವಿರುತ್ತದೆ. ಅಲ್ಲಿಟ್ಟರೆ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಕಾಸು ಕೊಟ್ಟು ತಂದ ಮೇಲೆ ಅಲ್ಲಿ ಯಾರಾದರೂ ಇಡುತ್ತಾರೆಯೇ? ಬೇಸ್ ಪೂರ್ತಿ, ಟ್ರೆಬಲ್ ಪೂರ್ತಿ. ಬೇಸ್ ಪೂರ್ತಿ ಇಟ್ಟರೆ ಪ್ರತಿ ಸ್ವರವೂ ಒಂದೇ ಸ್ವರವಾಗಿ ಕೇಳುತ್ತದೆ, ಆದ್ದರಿಂದ ಯಾವ ಸ್ವರ ನುಡಿಸಿದಿರಿ ಎಂದು ಕೀಬೋರ್ಡಿನವರು ಜಗಳ ತೆಗೆಯುವಂತಿಲ್ಲ. ಟ್ರೆಬಲ್ ಪೂರ್ತಿ ಇಟ್ಟರೆ ಒಗ್ಗರಣೆ ಹಾಕಿದ ಹಾಗೆ ಸದಾ ಚುಂಯ್ ಎನ್ನುತ್ತಿರುತ್ತದೆ. ನೀವು ನುಡಿಸದೆ ನಿಂತಾಗಲೂ ಗಿಟಾರು ಕೆಲಸ ಮಾಡುತ್ತಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ತೊಂದರೆ ಹುಡುಕುವ ವಿದ್ಯೆ. ಇದೇ ನಿಜವಾದ ಸಂಗೀತ. ನಿಯಮ ಒಂದೇ: ಮೊದಲ ಅನುಮಾನ ಯಾವಾಗಲೂ ಅತ್ಯಂತ ದುಬಾರಿಯಾದದ್ದರ ಮೇಲೆ. ಸದ್ದು ಗೊರಗೊರ ಎಂದರೆ ಪಿಕಪ್ ಬದಲಾಯಿಸಿ. ಆಮೇಲೂ ಹಾಗೇ ಇದ್ದರೆ ಪ್ರಿಆಂಪ್ ಬದಲಾಯಿಸಿ. ಆಮೇಲೆ ಆಂಪ್ಲಿಫೈಯರ್ ಬದಲಾಯಿಸಿ. ಆಮೇಲೆ ಆರ್ಕೆಸ್ಟ್ರಾ ಬದಲಾಯಿಸಿ. ಬ್ಯಾಟರಿಯನ್ನು ಕೊನೆಗೆ ನೋಡಿ. ಪೆಂಡಾಲಿನಲ್ಲಿ ಝೇಂಕಾರ ಕೇಳಿಸಿದರೆ ಸುತ್ತಲಿನ ಸೀರಿಯಲ್ ಸೆಟ್ಟು, ಡಿಮ್ಮರ್ ಹಾಕಿದ ಬಣ್ಣದ ದೀಪ, ಜನರೇಟರ್ ಇವುಗಳ ಕಡೆ ನೋಡಲೇಬೇಡಿ. ಲೈಟಿನವರು ಬಡಪಾಯಿಗಳು. ತಪ್ಪು ನಿಮ್ಮ ಗಿಟಾರಿನದೇ. ಅಲ್ಲೇ, ಎರಡು ಹಾಡುಗಳ ನಡುವೆ, ಗಾಯಕಿ ಕಾರ್ಯಕ್ರಮದ ದಾನಿಗಳ ಹೆಸರು ಓದುತ್ತಿರುವಾಗ ತಗಡು ಬಿಚ್ಚಿ. ಒಂದು ಸ್ಕ್ರೂ ವೇದಿಕೆಯ ಹಲಗೆ ಸಂದಿಯಲ್ಲಿ ಬೀಳುತ್ತದೆ. ಬೀಳಲಿ.

ನನ್ನದೇ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಒಂದು ತಾಲ್ಲೂಕು ಊರಿನ ಗಣೇಶೋತ್ಸವ. ಹೊಸ ಪ್ರಿಆಂಪ್, ನಾಲ್ಕನೆಯದು, ಹಿಂದಿನ ರಾತ್ರಿಯೇ ಕೂರಿಸಿದ್ದೆ. ಮೂರನೆಯ ಹಾಡಿನ ಚರಣಕ್ಕೆ ಬರುವಷ್ಟರಲ್ಲಿ ಸದ್ದು ಮೊದಲು ಒಡೆಯಿತು, ಆಮೇಲೆ ಮುದುಕನ ಕೆಮ್ಮಿನಂತಾಯಿತು, ಆಮೇಲೆ ನಿಂತೇ ಹೋಯಿತು. ನಾನು ಗಾಬರಿಯಾಗದೆ ಬೆರಳಾಡಿಸುತ್ತಲೇ ಇದ್ದೆ. ಹದಿನಾಲ್ಕು ಹಾಡು ಹಾಗೇ ಮುಗಿಸಿದೆ. ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಸಮಿತಿಯ ಅಧ್ಯಕ್ಷರು ಶಾಲು ಹೊದಿಸಿ, ‘ನಿಮ್ಮ ಬೇಸ್ ಎದೆಗೆ ಗುದ್ದಿದ ಹಾಗಿತ್ತು ಸಾರ್’ ಅಂದರು. ವಾಪಸ್ ಬರುವಾಗ ಟೆಂಪೋದಲ್ಲಿ ಕೀಬೋರ್ಡಿನ ಹುಡುಗನನ್ನು ಕೇಳಿದೆ. ‘ಅಣ್ಣಾ, ನಾನು ಎಡಗೈಯಲ್ಲಿ ಬೇಸ್ ಹೊಡೀತಿದ್ದೆನಲ್ಲ’ ಅಂದ. ಇವತ್ತಾ ಎಂದೆ. ‘ಎರಡು ವರ್ಷದಿಂದ’ ಅಂದ.

ಆ ರಾತ್ರಿಯೇ ಮನೆಗೆ ಬಂದು ಗಿಟಾರು ಬಿಚ್ಚಿದೆ. ನೀವೂ ಹಾಗೇ ಮಾಡಿ. ಇಂಥ ಸುದ್ದಿ ಕೇಳಿದ ದಿನ ಗಿಟಾರು ನುಡಿಸಲು ಕೂತರೆ ಮನಸ್ಸಿಗೆ ಒಳ್ಳೆಯದಲ್ಲ, ಬಿಚ್ಚಲು ಕೂತರೆ ಬೆಳಗಿನ ತನಕ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಿಯಮದಂತೆ ಪಿಕಪ್ ನೋಡಿದೆ, ಪಾಟ್ ನೋಡಿದೆ, ಪ್ರಿಆಂಪ್ ಕಿತ್ತು ಹಳೆಯದನ್ನು ಹಾಕಿದೆ, ಅದನ್ನು ಕಿತ್ತು ಅದಕ್ಕೂ ಹಳೆಯದನ್ನು ಹಾಕಿದೆ. ಹಾಲಿನವನು ಬಂದಾಗ ಕೊನೆಗೆ ಬ್ಯಾಟರಿಗೆ ಮೀಟರು ಹಿಡಿದೆ. 9.6 ವೋಲ್ಟ್! ಹೊಸ ಬ್ಯಾಟರಿ ಕೊಡುವಷ್ಟೇ ಇದೆ. ಐದನೆಯ ಪ್ರಿಆಂಪಿಗೆ ಅವತ್ತೇ ಆರ್ಡರ್ ಮಾಡಿದೆ.

ನಿಮ್ಮಲ್ಲೂ ಬ್ಯಾಟರಿಯನ್ನು ಹೀಗೇ ಪರೀಕ್ಷಿಸಿ. ನಾಲಿಗೆಗೆ ತಾಗಿಸಿ ಚುರುಕ್ ಎನ್ನುತ್ತದೆಯೇ ಎಂದು ನೋಡುವುದು ಹಳ್ಳಿಯ ಪದ್ಧತಿ, ನಾವು ಓದಿದವರು. ಮೀಟರನ್ನೇ ಹಿಡಿಯಿರಿ. ನನ್ನ ಹಳದಿ ಮೀಟರಂತೂ ಈಚೆಗೆ ಯಾವ ಬ್ಯಾಟರಿಗೆ ಹಿಡಿದರೂ ಒಂಬತ್ತಕ್ಕಿಂತ ಕಡಿಮೆ ತೋರಿಸಿದ್ದೇ ಇಲ್ಲ. ಗೋಡೆ ಗಡಿಯಾರ ನಿಂತಾಗ ಅದರ ಒಂದೂವರೆ ವೋಲ್ಟಿನ ಸೆಲ್ಲಿಗೆ ಹಿಡಿದೆ, 1.9 ತೋರಿಸಿತು. ಗಡಿಯಾರವನ್ನೇ ಬದಲಾಯಿಸಿದೆ.

ಅಂದಹಾಗೆ, ಮೀಟರಿನ ಬೆನ್ನಿನ ಎರಡು ಸ್ಕ್ರೂ ಬಿಚ್ಚಿದರೆ ಒಳಗೂ ಅದೇ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಕೂತಿರುತ್ತದೆ. ಅದು ಇಳಿಯುತ್ತ ಬಂದಂತೆ ಅಗ್ಗದ ಮೀಟರು ಎಲ್ಲವನ್ನೂ ಇರುವುದಕ್ಕಿಂತ ಹೆಚ್ಚಾಗಿಯೇ ತೋರಿಸುತ್ತದೆ.